ಮಿರ್ದಿಫ್ ಕ್ಯಾಂಪಿನ ಸಿಪೋರಾ ಆಂಟಿ

ಸಿಪೋರಾ ಆಂಟಿ ಮೊಟ್ಟೆ ಒಡೆಯುವುದನ್ನು ನೋಡಲಿಕ್ಕೆಂದೇ ಮಕ್ಕಳು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಂದು ಮೊಟ್ಟೆಯನ್ನು ಗಾಜಿನ ಲೋಟಕ್ಕೆ ಒಡೆಯುವರು. ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಲೋಟವನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ರಕ್ತದ ಸಣ್ಣ ಚುಕ್ಕೆ ಕಂಡರೂ ಆ ಮೊಟ್ಟೆ ಕಸದ ಬುಟ್ಟಿಗೆ. ಚುಕ್ಕೆ ಇಲ್ಲದಿದ್ದರೆ ದೊಡ್ಡ ಬೋಗುಣಿಗೆ. ಮತ್ತೆ ಇನ್ನೊಂದು ಮೊಟ್ಟೆ. ಅಷ್ಟು ಮಕ್ಕಳ ಬೆಳಗಿನ ಆಮ್ಲೆಟ್ಟಿಗೆ ಎಷ್ಟು ಮೊಟ್ಟೆ ಬೇಕಾಗುತ್ತದೆ ಎಂದು ಯೋಚಿಸಿದರೆ ನನಗೇ ಕೈ ನೋಯುತ್ತಿತ್ತು. ಅವರು ಮಾತ್ರ ಒಂದು ದಿನವೂ ಈ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಬಾಗಿಲಲ್ಲಿ ನಿಂತ ಮಕ್ಕಳಿಗೆ, ಅವರಿಗೆ ಅರ್ಥವಾಗದ ಕನ್ನಡದಲ್ಲಿ, "ಎಂತ ನೋಡ್ತೀರಿ? ಇದು ಸಿನೆಮಾ ಅಲ್ಲ, ನಾಷ್ಟಾ" ಎನ್ನುತ್ತಿದ್ದರು. ಮಕ್ಕಳು ಅದನ್ನೇ ಹಾಡಿನ ಹಾಗೆ ಹೇಳಿಕೊಂಡು ಓಡುತ್ತಿದ್ದರು.

ಅದು ಯಹೂದಿ ಮಕ್ಕಳ ಬೇಸಿಗೆ ಶಿಬಿರ. ಮಕ್ಕಳು ಎರಡು ವಾರ ಅಪ್ಪ ಅಮ್ಮನನ್ನು ಬಿಟ್ಟು ಅಲ್ಲಿಯೇ ಉಳಿಯಬೇಕು. ಮಿರ್ದಿಫ್‌ನಲ್ಲಿ ಒಂದೇ ಕಾಂಪೌಂಡಿನೊಳಗಿದ್ದ ಮೂರು ವಿಲ್ಲಾಗಳನ್ನು ಅದಕ್ಕಾಗಿ ಬಾಡಿಗೆಗೆ ಹಿಡಿದಿದ್ದರು. ಒಂದು ಹುಡುಗರಿಗೆ, ಒಂದು ಹುಡುಗಿಯರಿಗೆ, ನಡುವಿನದರಲ್ಲಿ ಊಟದ ಹಾಲ್ ಮತ್ತು ಅಡುಗೆಮನೆ. ದುಬೈ, ಅಬುಧಾಬಿಯಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು. ಮೂಲ ಊರು ಕೇಳಿದರೆ ಜೊಹಾನ್ಸ್‌ಬರ್ಗ್, ಪ್ಯಾರಿಸ್, ನ್ಯೂಯಾರ್ಕ್, ಇಸ್ತಾಂಬುಲ್, ಮುಂಬೈ. ಜುಲೈ ತಿಂಗಳ ಬಿಸಿಲಿಗೆ ಹೆದರಿ ಬೆಳಿಗ್ಗೆ ಬೇಗ ಈಜು ಮುಗಿಸಿ ಒಳಗೆ ಸೇರಿದರೆ ಸಂಜೆಯವರೆಗೆ ಎ.ಸಿ. ಹಾಲಿನಲ್ಲೇ ಎಲ್ಲ: ಪ್ರಾರ್ಥನೆ, ಹೀಬ್ರೂ ಹಾಡು, ನಾಟಕ, ಮಣ್ಣಿನ ಬೊಂಬೆ. ಊಟವಾದ ಮೇಲೆ ಮೇಜು ಬಡಿದು ಹಾಡುವುದು ಅಲ್ಲಿನ ಕ್ರಮ. ಆ ಗದ್ದಲಕ್ಕೆ ತಲೆಯ ಮೇಲೆ ಹಾರುವ ವಿಮಾನದ ಸದ್ದು ಕೂಡ ಕೇಳುತ್ತಿರಲಿಲ್ಲ. ಗೇಟಿಗೆ ಬೋರ್ಡು ಇರಲಿಲ್ಲ. ಸುದ್ದಿ ಸರಿಯಿಲ್ಲದ ಕಾಲ, ಯಹೂದಿಗಳೆಂದು ಹೊರಗೆ ತೋರಿಸಿಕೊಳ್ಳುವುದು ಕ್ಷೇಮವಲ್ಲ. ಶಿಬಿರದ ಟೀ ಶರ್ಟನ್ನು ಹೊರಗೆ ಹಾಕುವಂತಿಲ್ಲ ಎಂದು ಮಕ್ಕಳಿಗೂ ಗೊತ್ತಿತ್ತು. ಅವರು ಅದನ್ನು ಊಟಕ್ಕೆ ಮುಂಚೆ ಕೈ ತೊಳೆಯುವ ನಿಯಮದ ಹಾಗೆ ತೆಗೆದುಕೊಂಡಿದ್ದರು.

ನಾನು ಅಲ್ಲಿಗೆ ನರ್ಸ್ ಆಗಿ ಹೋದವಳು. ನನ್ನ ಹೆಸರು ಐರಿನ್, ಊರು ಶಿರ್ವ. ಕೆಲಸ ಅಲ್ ಮುರಕ್ಕಬಾತ್‌ನ ಒಂದು ಕ್ಲಿನಿಕ್ಕಿನಲ್ಲಿ. ಶಿಬಿರದವರು ಎರಡು ವಾರ ಅಲ್ಲೇ ಉಳಿಯುವ ನರ್ಸ್ ಬೇಕೆಂದು ನಮ್ಮ ಕ್ಲಿನಿಕ್ಕನ್ನು ಕೇಳಿದರು. ನನ್ನ ಗಂಡ ಮತ್ತು ಮಕ್ಕಳು ಆಗಲೇ ರಜೆಗೆ ಊರಿಗೆ ಹೋಗಿದ್ದರು. ಖಾಲಿ ಫ್ಲ್ಯಾಟಿನಲ್ಲಿ ಕೂತು ಮಾಡುವುದೇನು ಎಂದು ಒಪ್ಪಿಕೊಂಡೆ.

ಮೊದಲ ದಿನವೇ ಎಡವಟ್ಟಾಯಿತು. ಮಧ್ಯಾಹ್ನಕ್ಕಿರಲಿ ಎಂದು ಮನೆಯಿಂದ ಡಬ್ಬಿಯಲ್ಲಿ ಸಿಗಡಿ ಸುಕ್ಕ ತಂದಿದ್ದೆ. ಫ್ರಿಜ್ಜಿನಲ್ಲಿಡೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದರೆ, ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿದ, ಹತ್ತಿಯ ಚೂಡಿದಾರಕ್ಕೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿದ ಒಬ್ಬರು ಗಿಡ್ಡ ಹೆಂಗಸು ಬಾಗಿಲಿಗೆ ಅಡ್ಡ ಕೈ ಇಟ್ಟರು. ವಯಸ್ಸು ಅರವತ್ತು ದಾಟಿದ ಹಾಗಿತ್ತು. ಡಬ್ಬಿ ತೆರೆದೂ ನೋಡಲಿಲ್ಲ, ಮೂಗಿನಲ್ಲೇ ಹಿಡಿದರು.

"ಸಿಗಡಿಯಾ?"

ಅವರ ಬಾಯಲ್ಲಿ ಕನ್ನಡ ಕೇಳಿ ಬೆರಗಾಗಿ, ಹೌದೆಂದು ತಲೆಯಾಡಿಸಿದೆ.

"ಇದು ಒಳಗೆ ಬರ್ಲಿಕ್ಕಿಲ್ಲ ಸಿಸ್ಟರ್. ಬೇಜಾರು ಮಾಡ್ಬೇಡಿ. ಇಲ್ಲಿ ಸಿಗಡಿ, ಏಡಿ, ಮರುವಾಯಿ ಎಲ್ಲ ಮಾಫಿ, ಇಲ್ಲವೇ ಇಲ್ಲ. ಇದು ಒಳಗೆ ಬಂದ್ರೆ ನಾನು ಇಡೀ ಕಿಚನ್ ತೊಳೀಬೇಕು."

ನನಗೆ ಅವಮಾನವಾಯಿತು. ಡಬ್ಬಿ ಹಿಡಿದು ಕಾರ್ ನಿಲ್ಲಿಸುವ ಶೆಡ್ಡಿನ ಕೆಳಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅವರೂ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದರು, ಆ ಧಗೆಯಲ್ಲಿ. ನಾನು ಉಣ್ಣುವಷ್ಟು ಹೊತ್ತು ಎದುರಿಗೆ ಕೂತು, ಮಸಾಲೆಗೆ ಕೊತ್ತಂಬರಿ ಎಷ್ಟು, ತೆಂಗಿನಕಾಯಿ ಹುರಿದದ್ದೋ ಹಸಿಯೋ, ಹುಳಿಗೆ ಹುಣಸೆಯೋ ಬಿಂಬುಳಿಯೋ ಎಂದು ವಿಚಾರಿಸಿದರು. ಆಮೇಲೆ ಹೇಳಿದರು: "ನಮ್ಮ ಅಜ್ಜಿ ಮನೆ ಅಲಿಬಾಗ್ ಹತ್ರ. ಬಲಗಡೆ ಕೋಳಿ ಜಾತಿಯವರ ಮನೆ, ಎಡಗಡೆಯೂ ಅವರದೇ ಮನೆ. ಮೀನು ಹಿಡಿಯುವ ಜನ. ದಿನಾ ಈ ವಾಸನೆ. ತಿಂದದ್ದು ಮಾತ್ರ ಒಂದು ದಿನವೂ ಇಲ್ಲ." ಎದ್ದು ಹೋಗುವಾಗ ತಿರುಗಿ, "ಬಂಗುಡೆ ಆಗ್ತದೆ. ಹುರುಪೆ, ರೆಕ್ಕೆ ಎರಡೂ ಉಂಟು, ಅಂಥ ಮೀನು ನಮಗೆ ಸರಿ. ಬುಧವಾರ ನೀವೇ ಮಾಡಿ ತೋರಿಸಿ" ಎಂದರು. ಬುಧವಾರ ಬಂಗುಡೆ ಗಸಿ ಆಯಿತು. ಫ್ರಾನ್ಸಿನ ಮಕ್ಕಳು ಕಣ್ಣಲ್ಲಿ ನೀರು ಸುರಿಸಿಕೊಂಡು ಬ್ರೆಡ್ ಬೇಡಿದರು. ಆಂಟಿ ಮತ್ತು ನಾನು ಉಳಿದದ್ದನ್ನೆಲ್ಲ ಅನ್ನಕ್ಕೆ ಕಲಸಿ ಉಂಡೆವು. ಅವತ್ತಿನಿಂದ ನನಗೆ 'ನೀವು' ಹೋಗಿ 'ನೀನು' ಆಯಿತು.

ಅವರ ಕನ್ನಡದ ಕತೆ ಇದು. ಮುಂಬೈಯ ಬೈಕಲಾದಲ್ಲಿ ಹುಟ್ಟಿದವರು. ಮನೆಮಾತು ಮರಾಠಿ. ಕೊಂಕಣ ಕರಾವಳಿಯಲ್ಲಿ ನೂರಾರು ವರ್ಷಗಳಿಂದ ಇದ್ದ ಯಹೂದಿಗಳ ಕುಲ ಅವರದು. ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರಂತೆ. ಶನಿವಾರ ಗಾಣ ನಿಲ್ಲಿಸುವ ಜನವಾದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದು ಕರೆಯುತ್ತಿದ್ದರಂತೆ. ಮದುವೆಯಾಗಿ ಗಂಡನ ಜೊತೆ ದುಬೈಗೆ ಬಂದ ಮೇಲೆ ನೈಫ್‌ನಲ್ಲಿ ಉಡುಪಿಯವರೊಬ್ಬರ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಅಂಗಡಿಯಲ್ಲಿ ಎಲ್ಲರೂ ತುಳು, ಕನ್ನಡ. ಅಲ್ಲಿಯೇ ವಯಸ್ಸಾಗುವವರೆಗೆ ಇದ್ದರು. ಸಿಪೋರಾ ಎಂಬ ಹೆಸರು ಅಲ್ಲಿ ಯಾರಿಗೂ ತಿರುಗಲಿಲ್ಲ; 'ಸಿಪ್ಪೆ ಬಾಯಿ' ಆಯಿತು. "ಸಿಪ್ಪೆ ಅಂದ್ರೆ ಎಂತ ಅಂತ ಗೊತ್ತಾಗುವಾಗ ಹತ್ತು ವರ್ಷ ಆಗಿತ್ತು. ಆಮೇಲೆ ಯಾರ ಮೇಲೆ ಸಿಟ್ಟು ಮಾಡುವುದು?" ಎಂದು ಅವರೇ ನಗುತ್ತಿದ್ದರು.

ಅಂಗಡಿಯಲ್ಲಿ ತಾವು ಯಹೂದಿ ಎಂದು ಅವರು ಹೇಳಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ "ಬಾಂಬೆಯವಳು" ಎನ್ನುವುದು, ಅಷ್ಟೇ. ಹೊರಗೆ ಮಾಂಸ ತಿನ್ನುತ್ತಿರಲಿಲ್ಲವಾದ್ದರಿಂದ ಉಡುಪಿಯ ಸೇಟು ಇವರನ್ನು ಯಾವುದೋ ಮಡಿವಂತರ ಮನೆಯವರೆಂದು ತಿಳಿದು ವಿಶೇಷ ಮರ್ಯಾದೆ ಕೊಡುತ್ತಿದ್ದರಂತೆ. ಶುಕ್ರವಾರ ಸಂಜೆ ಪರದೆ ಎಳೆದು ಮನೆಯಲ್ಲಿ ಎಣ್ಣೆ ದೀಪ ಹಚ್ಚುವರು. ಪಕ್ಕದ ಮನೆಯ ಕೇರಳದವರು ಲಕ್ಷ್ಮೀ ಪೂಜೆ ಎಂದುಕೊಂಡಿದ್ದರು. ಆದರೆ ಶನಿವಾರ ಅಂಗಡಿಗೆ ರಜೆ ಇಲ್ಲ. ಧರ್ಮದ ಪ್ರಕಾರ ಏನೂ ಕೆಲಸ ಮಾಡಬಾರದ ದಿನ, ಅಷ್ಟು ವರ್ಷವೂ ಬಟ್ಟೆ ಅಳೆದರು. ಗಂಡ ತೀರಿಕೊಂಡ ಮೇಲೆ, ಕಾಲ ಬದಲಾಗಿ ದುಬೈಯಲ್ಲಿ ಯಹೂದಿಗಳು ಬಹಿರಂಗವಾಗಿ ಸೇರಿ ಪ್ರಾರ್ಥನೆ ಮಾಡುವಂತಾದ ಮೇಲೆ, ಇವರು ಅಲ್ಲಿ ಹೋಗಿ ಅಡುಗೆಯ ಮೇಲ್ವಿಚಾರಣೆ ಕಲಿತರು. ಕೋಷರ್, ಅಂದರೆ ಅವರ ಧರ್ಮಕ್ಕೆ ಶುದ್ಧವಾದ ಅಡುಗೆ, ನಿಯಮದಂತೆ ಆಗುತ್ತಿದೆಯೇ ಎಂದು ನೋಡಿಕೊಳ್ಳುವ ಕೆಲಸ. ಅಲ್ಲಿಂದ ಈ ಶಿಬಿರ.

ಹಾಗಾಗಿ ಶನಿವಾರ ಶಿಬಿರದಲ್ಲಿ ಅವರನ್ನು ನೋಡಬೇಕಿತ್ತು. ಶುಕ್ರವಾರ ಮಧ್ಯಾಹ್ನದವರೆಗೆ ಅಡುಗೆಮನೆಯಲ್ಲಿ ಯಾರಿಗೂ ಉಸಿರಾಡಲು ಬಿಡದ ಹೆಂಗಸು, ಸೂರ್ಯ ಮುಳುಗಿದ ಕೂಡಲೇ ಸೋಫಾದಲ್ಲಿ ಕೂತರೆ ಮರುದಿನ ಕತ್ತಲಾಗುವವರೆಗೆ ಚಮಚ ಕೂಡ ಎತ್ತುತ್ತಿರಲಿಲ್ಲ. ಎಲ್ಲ ಮೊದಲೇ ಬೇಯಿಸಿ ಬಿಸಿ ತಟ್ಟೆಯ ಮೇಲೆ ಇಟ್ಟಾಗಿರುತ್ತಿತ್ತು. "ಇಷ್ಟು ವರ್ಷದ ಶನಿವಾರ ಎಲ್ಲ ಸೇರಿಸಿ ಈಗ ಕೂತುಕೊಳ್ತೇನೆ" ಎನ್ನುವರು. ಕಾಲು ಚಾಚಿ, ಮಕ್ಕಳು ಆಡುವುದನ್ನು ನೋಡುತ್ತ, ಯಾರೂ ಕೇಳದಿದ್ದರೂ ತೀರ್ಪು ಕೊಡುತ್ತ.

ಒಳ್ಳೆಯವರೆಂದು ಹೇಳಿದರೆ ಅರ್ಧ ಸತ್ಯವಾಗುತ್ತದೆ. ಬಾಯಿ ಕೆಟ್ಟದು. ಅವರಲ್ಲಿ ಮಾಂಸ, ಹಾಲು ಒಂದಕ್ಕೊಂದು ಸೇರಬಾರದು; ಮಾಂಸದ ಪಾತ್ರೆಗೆ ಕೆಂಪು ಸ್ಟಿಕ್ಕರ್, ಹಾಲಿನದಕ್ಕೆ ನೀಲಿ. ಯಾರಾದರೂ ಸಹಾಯಕರು ಕೆಂಪು ಚಮಚವನ್ನು ನೀಲಿ ಪಾತ್ರೆಗೆ ಹಾಕಿದರೆ ಇಡೀ ಕಾಂಪೌಂಡಿಗೆ ಕೇಳುವಂತೆ ಕೂಗುವರು. ಸಾಯಂಕಾಲ ಅದೇ ಸಹಾಯಕನಿಗೆ ದೊಡ್ಡ ತುಂಡು ಕೋಳಿ ಬಡಿಸುವರು. ಆದರೆ ಕ್ಷಮೆ ಕೇಳಿದ್ದು ನಾನು ನೋಡಿಲ್ಲ. ದಪ್ಪ ಮಕ್ಕಳ ಮೇಲೆ ಪಕ್ಷಪಾತ. ಸಪೂರ ಮಕ್ಕಳ ಮೇಲೆ ಸಂಶಯ. ನನ್ನ ಔಷಧಿ ಪೆಟ್ಟಿಗೆಯ ಮೇಲಂತೂ ನಂಬಿಕೆಯೇ ಇರಲಿಲ್ಲ.

ನಮ್ಮಿಬ್ಬರ ಒಂದೇ ಒಂದು ಜಗಳ ಆದದ್ದು ಅದರಿಂದಲೇ. ನನ್ನ ಎರಡನೆಯ ಬೇಸಿಗೆ ಅದು. ಅಬುಧಾಬಿಯಿಂದ ತಾಲಿಯಾ ಎಂಬ ಒಂಬತ್ತು ವರ್ಷದ ಹುಡುಗಿ ಬಂದಿದ್ದಳು. ಹಿಂದಿನ ವರ್ಷವೂ ಬಂದವಳು, ಆಗ ಹಾಡಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು. ಈ ಸಲ ಎರಡನೆಯ ದಿನದಿಂದಲೇ ಊಟದ ಹೊತ್ತಿಗೆ ಸರಿಯಾಗಿ ನನ್ನ ಕೋಣೆಗೆ ಬಂದು ಹೊಟ್ಟೆನೋವು ಎನ್ನುತ್ತಿದ್ದಳು. ಜ್ವರ ಇಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೆ. ಶಿಬಿರದಲ್ಲಿ ಇಂಥ ಹೊಟ್ಟೆನೋವು ಬಹಳ, ಮನೆ ನೆನಪಾದದ್ದು. ಮೊದಲ ವಾರ ಮನೆಗೆ ಫೋನ್ ಮಾಡುವಂತಿಲ್ಲ ಎಂಬುದು ನಿಯಮ. ಅಪ್ಪ ಅಮ್ಮಂದಿರಿಗೆ ಫೋಟೋ ಹೋಗುತ್ತದೆ, ಅಷ್ಟೇ. ಸ್ವಲ್ಪ ದಿನ ತಡೆದರೆ ಎಲ್ಲ ಸರಿಹೋಗುತ್ತದೆ ಎಂದು ಶಿಬಿರದ ಮುಖ್ಯಸ್ಥ ಆರಿ ಹೇಳಿದ. ಜೊಹಾನ್ಸ್‌ಬರ್ಗ್‌ನ ಹುಡುಗ, ಮಕ್ಕಳೆಂದರೆ ಪ್ರಾಣ ಬಿಡುವವನು. ನಾನೂ ಒಪ್ಪಿದೆ.

ಆದರೆ ಒಂದು ಮಧ್ಯಾಹ್ನ ಅಡುಗೆಮನೆಗೆ ಹೋದರೆ ತಾಲಿಯಾ ಮೂಗು ಮುಚ್ಚಿಕೊಂಡು ಲೋಟದಿಂದ ಏನೋ ಕುಡಿಯುತ್ತಿದ್ದಾಳೆ.

"ಏನು ಕೊಟ್ಟದ್ದು ಆಂಟಿ?"

"ಓಮದ ನೀರು ಮಾರಾಯ್ತಿ. ಹೊಟ್ಟೆಗೆ ಒಳ್ಳೇದು."

"ಮಕ್ಕಳ ಹೊಟ್ಟೆಗೆ ಎಂತ ಹೋಗ್ತದೆ ಅಂತ ನನಗೆ ಗೊತ್ತಿರ್ಬೇಕು. ಯಾರಿಗೆ ಯಾವ ಅಲರ್ಜಿ ಅಂತ ನಿಮಗೆ ಗೊತ್ತುಂಟಾ? ನಾಳೆ ಎಂತಾದ್ರೂ ಆದ್ರೆ ನನ್ನ ಲೈಸೆನ್ಸ್ ಹೋಗ್ತದೆ. ಮಗುವಿನ ಜೀವ ಅದಕ್ಕಿಂತ ದೊಡ್ಡದು."

"ನಾನು ಮಗನನ್ನು ಸಾಕಿದವಳು" ಎಂದು ಅವರು ಧ್ವನಿ ಏರಿಸಿದರು.

"ನಾನೂ ಮಕ್ಕಳನ್ನು ಸಾಕ್ತಾ ಇದ್ದೇನೆ" ಎಂದೆ.

ಆ ದಿನವಿಡೀ ನನ್ನ ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. "ನಿನ್ನ ಕಿಚನ್‌ಗೆ ನಾನು ಕೇಳದೆ ಬಂದ ಹಾಗಾಯ್ತು ಅದು. ಇನ್ನು ಕೇಳಿ ಕೊಡ್ತೇನೆ." ಹೋಗಲು ತಿರುಗಿದವರು ಹೇಳಿದರು: "ಆದ್ರೆ ಆ ಹುಡುಗಿಗೆ ಹೊಟ್ಟೆನೋವು ಅಲ್ಲ ಸಿಸ್ಟರ್. ಮನೆ ನೆನಪಾದ ಮಕ್ಕಳು ರಾತ್ರಿಗೆ ಅಳ್ತವೆ. ಇದು ಅಳುವುದೇ ಇಲ್ಲ."

ವಿಷಯ ಗೊತ್ತಾದದ್ದು ಶುಕ್ರವಾರ. ಆ ದಿನ ಹುಡುಗಿಯರೆಲ್ಲ ಸೇರಿ ಸಬ್ಬತ್ತಿನ, ಅಂದರೆ ವಾರದ ವಿರಾಮದ ದಿನದ, ಊಟಕ್ಕೆ ಬ್ರೆಡ್ ಮಾಡುತ್ತಿದ್ದರು, ಹಿಟ್ಟನ್ನು ಜಡೆಯ ಹಾಗೆ ಹೆಣೆದು. ತರಕಾರಿ ವ್ಯಾನು ಬಂದು ಹೋದ ಮೇಲೆ ಖಾಲಿಯಾದ ರಟ್ಟಿನ ಪೆಟ್ಟಿಗೆಗಳನ್ನು ಸಹಾಯಕರು ಚಪ್ಪಟೆ ಮಾಡಿ ಗೋಡೆಗೆ ಒರಗಿಸುತ್ತಿದ್ದರು. ತಾಲಿಯಾ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಅವುಗಳನ್ನೇ ನೋಡುತ್ತ ನಿಂತಳು. ಆಮೇಲೆ ಆಂಟಿಯ ಬಳಿ ಬಂದು, ಒಂದು ಪೆಟ್ಟಿಗೆ ತನಗೆ ಸಿಗಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಎಂತಕ್ಕೆ?" ಎಂದರು ಆಂಟಿ, ಅವರೂ ಇಂಗ್ಲಿಷಿಗೆ ತಿರುಗಿ.

"ಬಿಸ್ಕಿಟ್‌ಗೆ. ತೂತು ಮಾಡಿದರೆ ಅವನಿಗೆ ಉಸಿರಾಡಲಿಕ್ಕೆ ಆಗುತ್ತದೆ."

ಬಿಸ್ಕಿಟ್ ಅವಳ ಬೆಕ್ಕು. ಆಂಟಿ ಅವಳನ್ನು ಕರೆದುಕೊಂಡು ಹೋಗಿ ದಿನಸಿ ಕೋಣೆಯ ಅಕ್ಕಿ ಚೀಲದ ಮೇಲೆ ಕೂರಿಸಿದರು, ನನ್ನನ್ನೂ ಕರೆದರು. ನಿಧಾನವಾಗಿ ಎಲ್ಲ ಹೊರಗೆ ಬಂತು. ಅಪ್ಪನ ಕೆಲಸ ಹೋಗಿತ್ತು. ವೀಸಾ ಕ್ಯಾನ್ಸಲ್ ಆಗುತ್ತದೆ ಎಂದು ಅಪ್ಪ ಫೋನಿನಲ್ಲಿ ಹೇಳುವುದನ್ನು ಇವಳು ಕೇಳಿಸಿಕೊಂಡಿದ್ದಳು. ಅಪ್ಪ ಅಮ್ಮನ ಮಂಚದ ಕೆಳಗೆ ಚಪ್ಪಟೆಯಾದ ರಟ್ಟುಗಳನ್ನು ನೋಡಿದ್ದಳು. ಇವಳಿಗೆ ಯಾರೂ ಏನೂ ಹೇಳಿರಲಿಲ್ಲ. ತಾನಿಲ್ಲಿ ಹಾಡುತ್ತಿರುವಾಗ ಅಲ್ಲಿ ಮನೆ ಖಾಲಿ ಮಾಡುತ್ತಾರೆ, ಬಿಸ್ಕಿಟ್‌ನನ್ನು ರಸ್ತೆಗೆ ಬಿಡುತ್ತಾರೆ ಎಂಬುದು ಅವಳ ಹೆದರಿಕೆ. ಅವಳ ಕ್ಲಾಸಿನ ಒಬ್ಬ ಹುಡುಗನ ಮನೆಯವರು ಹೋಗುವಾಗ ಹಾಗೆಯೇ ಮಾಡಿದ್ದರು. ಇಷ್ಟನ್ನೂ ಅವಳು ಅಳದೆ ಹೇಳಿದಳು. ನನ್ನ ಮಕ್ಕಳೂ ಇದೇ ದೇಶದಲ್ಲಿ ಇದೇ ಥರದ ವೀಸಾದ ಮೇಲೆ ಬೆಳೆಯುತ್ತಿರುವವರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆಂಟಿ ಕೈಯ ಹಿಟ್ಟು ಒರೆಸಿಕೊಂಡು ನೇರ ಆರಿಯ ಕೋಣೆಗೆ ಹೋದರು. ನಾನು ಹಿಂದೆ.

ಆರಿ ಪೂರ್ತಿ ಕೇಳಿದ. ಆಮೇಲೆ ತಲೆ ತಗ್ಗಿಸಿ, "ನನಗೆ ಗೊತ್ತಿತ್ತು" ಎಂದ. "ಅವಳ ಅಮ್ಮ ಮೊದಲೇ ಹೇಳಿದ್ದಾಳೆ. ಇದು ಅವಳ ಕೊನೆಯ ಶಿಬಿರ, ಸಂತೋಷವಾಗಿ ಕಳೆಯಲಿ, ಮುಗಿದ ಮೇಲೆ ನಾವೇ ಹೇಳುತ್ತೇವೆ ಅಂತ. ನಾನು ಮಾತು ಕೊಟ್ಟಿದ್ದೇನೆ."

"ಹುಡುಗಿಗೆ ಗೊತ್ತಾಗಿ ಆಗಿದೆ. ಈಗ ಯಾರಿಂದ ಮುಚ್ಚಿಡುವುದು?"

"ಇದು ಅವರ ಮನೆಯ ವಿಷಯ ಆಂಟಿ."

"ಮಗು ನನ್ನ ಅಕ್ಕಿ ಚೀಲದ ಮೇಲೆ ಕೂತಿದೆ" ಎಂದರು ಆಂಟಿ. "ಸೂರ್ಯ ಮುಳುಗಿದ ಮೇಲೆ ನೀನು ಫೋನ್ ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ಹಾಗಾದರೆ ನಾಳೆ ರಾತ್ರಿಯವರೆಗೆ ಅದು ಹಾಗೇ ಕೂರಬೇಕು. ಯಲ್ಲಾ, ಈಗಲೇ ಮಾಡು. ಬಯ್ದರೆ ನನ್ನ ಹೆಸರು ಹೇಳು."

ಆರಿ ಮೇಜಿನ ಮೇಲಿದ್ದ ಫೋನ್ ಎತ್ತಿಕೊಂಡು ತಾಲಿಯಾಳ ಅಮ್ಮನಿಗೆ ಕರೆ ಮಾಡಿದ.

ಅಬುಧಾಬಿಯಿಂದ ಮಿರ್ದಿಫ್‌ಗೆ ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಬರುವುದೆಂದರೆ ಹೇಳಲಾಗದು. ಹುಡುಗಿಯರು ಸ್ನಾನ ಮಾಡಿ ಬಿಳಿ ಫ್ರಾಕು ಹಾಕಿ ದೀಪದ ಮೇಜಿನ ಸುತ್ತ ಸೇರಿದರು. ಆಂಟಿ ಮಾತ್ರ ಎರಡು ಸಲ ಗೇಟಿನವರೆಗೆ ಹೋಗಿ ಬಂದರು. ಕೊನೆಗೆ ದೀಪ ಹಚ್ಚುವ ಹೊತ್ತಿಗೆ ತಾಲಿಯಾಳ ಅಮ್ಮ ಬಂದರು, ಆಫೀಸಿನ ಬಟ್ಟೆಯಲ್ಲೇ. ಗೇಟಿನಲ್ಲಿ ನಿಂತೇ ಅಳಲು ಶುರುಮಾಡಿದರು. ಆಂಟಿ ಅವರ ಮುಂಗೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಆ ಮಾತು ನನಗೆ ಕೇಳಿಸಿತು:

"ಸುಳ್ಳು ಹೇಳಬೇಡ. ಬೆಕ್ಕು ಬರ್ತದೆ ಅಂತ ಹೇಳಿ ಕಡೆಗೆ ಬಿಟ್ಟು ಹೋಗಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳು."

ತಾಯಿ ಮಗಳು ನನ್ನ ಕೋಣೆಯಲ್ಲಿ ಕೂತರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮೊದಲು ಅಮ್ಮನ ಧ್ವನಿ ಮಾತ್ರ ಇತ್ತು. ಆಮೇಲೆ ತಾಲಿಯಾ ಅತ್ತಳು, ಜೋರಾಗಿ, ಬಿಕ್ಕಿ ಬಿಕ್ಕಿ. ಹಾಲಿನಲ್ಲಿ ಹಾಡು ನಡೆಯುತ್ತಿತ್ತು. ಪಕ್ಕದ ರಸ್ತೆಯ ಮಸೀದಿಯಿಂದ ಬಾಂಗು ಕೇಳಿತು. ಆಂಟಿ ಬಂದು ನನ್ನ ಪಕ್ಕ ಕೂತು, ಒಳಗಿನ ಅಳುವನ್ನು ಕೇಳಿ, "ಈಗ ಸರಿ" ಎಂದು ಎದ್ದು ಹೋದರು. ಆ ರಾತ್ರಿ ತಾಯಿ ಶಿಬಿರದಲ್ಲೇ ಉಳಿದರು. ಊಟದಲ್ಲಿ ತಾಲಿಯಾ ಎರಡು ಸಲ ಸೂಪು ಹಾಕಿಸಿಕೊಂಡಳು.

ಮರುದಿನ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಾಗ ನಾನು ಕೇಳಿದೆ, ಅಷ್ಟು ಹಟ ಎಂತಕ್ಕೆ ಮಾಡಿದ್ದು ಎಂದು.

"ಬೈಕಲಾದಲ್ಲಿ ನಮ್ಮ ಚಾಳಿನಲ್ಲಿ ಎಲ್ಲ ನಮ್ಮವರೇ. ಒಬ್ಬೊಬ್ಬರೇ ಇಸ್ರೇಲಿಗೆ ಹೋಗ್ತಾ ಇದ್ದರು. ದೊಡ್ಡವರು ಮಕ್ಕಳಿಗೆ ಹೇಳುವುದಿಲ್ಲ, ಅಳ್ತವೆ ಅಂತ. ನನ್ನ ಗೆಳತಿ ಪಕ್ಕದ ಮನೆ. ಬೆಳಿಗ್ಗೆ ಒಟ್ಟಿಗೆ ಶಾಲೆಗೆ ಹೋದದ್ದು. ಮರುದಿನ ನನಗೆ ಜ್ವರ, ಹೋಗಲಿಲ್ಲ. ಅದರ ಮರುದಿನ ಕರೀಲಿಕ್ಕೆ ಹೋದ್ರೆ ಬಾಗಿಲಿಗೆ ಬೀಗ. ನಮ್ಮಮ್ಮನಿಗೆ ಗೊತ್ತಿತ್ತು. ಗೆಳತಿಗೂ ಗೊತ್ತಿತ್ತಾ, ಇಲ್ಲವಾ? ಗೊತ್ತಿದ್ದು ನನಗೆ ಹೇಳದೆ ಹೋದಳಾ? ಇವತ್ತಿನವರೆಗೆ ನನಗೆ ಗೊತ್ತಿಲ್ಲ."

"ಆಮೇಲೆ ಹುಡುಕಲಿಲ್ಲವಾ?"

"ಎಲ್ಲಿ ಅಂತ ಹುಡುಕುವುದು ಮಾರಾಯ್ತಿ" ಎಂದು ಆಡುವ ಮಕ್ಕಳ ಕಡೆ ತಿರುಗಿದರು. ಚೆಂಡು ಗೆರೆಯ ಹೊರಗೆ ಬಿತ್ತು ಎಂದು ತೀರ್ಪು ಕೊಟ್ಟರು.

ತಾಲಿಯಾ ಶಿಬಿರ ಮುಗಿಸಿಯೇ ಹೋದಳು. ಕೊನೆಯ ದಿನಗಳಲ್ಲಿ ಶಿಬಿರವನ್ನು ಎರಡು ಬಣ್ಣದ ತಂಡ ಮಾಡಿ ಆಟವಾಡಿಸುತ್ತಾರೆ. ಹಳದಿ ತಂಡದ ಹಾಡು ಕಟ್ಟಿದವಳು ಅವಳೇ. ಬೆಕ್ಕಿನ ವಿಷಯದಲ್ಲಿ ಮಾತ್ರ ಅವಳು ಹೆದರಿದ್ದರಲ್ಲಿ ಅರ್ಧ ನಿಜವಾಯಿತು. ಅವರು ಹೋಗುವ ಮನೆಯಲ್ಲಿ ಬೆಕ್ಕು ಸಾಕುವಂತಿರಲಿಲ್ಲ. ಆಗಸ್ಟ್ ಕೊನೆಗೆ ಆ ಕುಟುಂಬ ದೇಶ ಬಿಡುವ ಮೊದಲು ಬಿಸ್ಕಿಟ್ ಅಲ್ ಮುರಕ್ಕಬಾತ್‌ನಲ್ಲಿರುವ ಸಿಪೋರಾ ಆಂಟಿಯ ಫ್ಲ್ಯಾಟಿಗೆ ಬಂದ. ಬೆಕ್ಕಿನ ಕೂದಲು ಅಡುಗೆಗೆ ಬೀಳುತ್ತದೆ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವರು, ಪ್ರತಿ ಭಾನುವಾರ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ತಾಲಿಯಾಳಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ನನ್ನ ಕ್ಲಿನಿಕ್ಕಿಗೆ ಅವರ ಮನೆ ಹತ್ತಿರ. ಕೆಲಸ ಮುಗಿಸಿ ಹೋದರೆ ಚಹಾ ಕೊಡುತ್ತಿದ್ದರು. ಒಮ್ಮೆ ಮನೆಯಲ್ಲಿ ಏನೋ ಹರಕೆ ತೀರಿತೆಂದು ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಹಾಕಿ ಕಲಸಿದ್ದನ್ನು ತಟ್ಟೆಯಲ್ಲಿಟ್ಟರು. ಅವರಲ್ಲಿ ಅದಕ್ಕೆ ಮಲೀದಾ ಎನ್ನುತ್ತಾರೆ. ನಮ್ಮಲ್ಲಿ ಇದು ಸಂಜೆಯ ತಿಂಡಿ ಎಂದೆ. "ನಮ್ಮಲ್ಲಿ ದೇವರಿಗೆ. ಅದಕ್ಕೆ ಮಾತಾಡದೆ ತಿನ್ನು" ಎಂದರು.

ಮರುವರ್ಷದ ಆರಂಭದಲ್ಲಿ ಅವರಿಗೆ ಹೃದಯದ ಆಪರೇಷನ್ ಆಯಿತು. ಮಗ ಇಸ್ರೇಲಿನ ಅಷ್ಡೋದ್‌ನಿಂದ ಬಂದು ಒಂದು ತಿಂಗಳು ಇದ್ದ, ತನ್ನ ಜೊತೆ ಬರಲು ಒತ್ತಾಯಿಸಿದ. ಅಲ್ಲಿ ಹೋಗಿ ಈ ವಯಸ್ಸಿನಲ್ಲಿ ಹೀಬ್ರೂ ಕಲಿಯಲು ತನ್ನಿಂದಾಗದು, ಜುಲೈಯಲ್ಲಿ ಕ್ಯಾಂಪು ಬೇರೆ ಇದೆ ಎಂದು ಇವರು ಒಪ್ಪಲಿಲ್ಲ.

ನಾನು ಕೊನೆಯ ಸಲ ನೋಡಿದ್ದು ಈಸ್ಟರ್ ಕಳೆದ ವಾರ. ದಿಂಬಿಗೆ ಒರಗಿ ಕೂತಿದ್ದರು. ಮುಖ ಸಣ್ಣದಾಗಿತ್ತು. ನಾನು ಬಿ.ಪಿ. ನೋಡುತ್ತಿದ್ದರೆ ಅವರ ಮಾತೆಲ್ಲ ಅಡುಗೆಮನೆಯದೇ. ಈ ಸಲ ಓವನ್ ಹೊಸದು ಬೇಕು. ಹಳೆಯದರ ಎಡಮೂಲೆ ಕಾಯುವುದಿಲ್ಲ. ಸೊಪ್ಪು ತೊಳೆಯಲಿಕ್ಕೆ ಇನ್ನೊಬ್ಬರು ಬೇಕು. ತನ್ನ ಕಣ್ಣಿಗೆ ಸಣ್ಣ ಹುಳ ಕಾಣುವುದಿಲ್ಲ.

"ಮೊದಲು ಸರಿಯಾಗಿ ಮಲಗಿ ಆಂಟಿ. ಕ್ಯಾಂಪಿನ ಚಿಂತೆ ಆಮೇಲೆ ಮಾಡುವ" ಎಂದೆ.

"ನೀನು ನರ್ಸ್. ಬಿ.ಪಿ. ಎಷ್ಟುಂಟು ಅಂತ ಹೇಳು. ಸುಳ್ಳು ಬೇಡ."

ಹೇಳಿದೆ. ಚೆನ್ನಾಗಿರಲಿಲ್ಲ. ಅವರು ತಲೆಯಾಡಿಸಿದರು, ತರಕಾರಿಯವನು ರೇಟು ಹೇಳಿದಾಗ ಆಡಿಸುವ ಹಾಗೆ. ನಾನು ಹೊರಟಾಗ ಬಾಗಿಲವರೆಗೆ ಬರಲು ಎದ್ದರು. ಬೇಡವೆಂದರೂ ಕೇಳದೆ ಗೋಡೆ ಹಿಡಿದುಕೊಂಡು ಬಂದು, ಲಿಫ್ಟ್ ಬರುವವರೆಗೆ ನಿಂತರು. "ಬೆಕ್ಕನ್ನು ನೀನು ತಗೊಳ್ತೀಯಾ?" ಎಂದು ಕೇಳಿದರು. ತಗೊಳ್ತೇನೆ ಎಂದೆ. "ಖಲಾಸ್. ಹಾಗಾದ್ರೆ ಹೋಗು, ನಿನಗೆ ಲೇಟಾಯ್ತು." ಮೇ ತಿಂಗಳಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಮಗ ಬಂದು ದೇಹವನ್ನು ಮುಂಬೈಗೆ, ಗಂಡನ ಸಮಾಧಿಯ ಪಕ್ಕಕ್ಕೆ ಕೊಂಡೊಯ್ದ.

ಆ ಜುಲೈಯಲ್ಲೂ ಶಿಬಿರ ನಡೆಯಿತು. ನಾನು ಹೋದೆ. ಅಷ್ಟರಲ್ಲಿ ಆರಿ ಮದುವೆಯಾಗಿ ಊರಿಗೆ ಹಿಂದಿರುಗಿದ್ದ. ಹೊಸ ಮುಖ್ಯಸ್ಥೆ, ಹೊಸ ಮೇಲ್ವಿಚಾರಕ, ಹೊಸ ಸಹಾಯಕರು. ಮಕ್ಕಳಲ್ಲೂ ಹೆಚ್ಚಿನವರು ಹೊಸಬರು. ಈ ದೇಶದಲ್ಲಿ ಎರಡು ವರ್ಷಕ್ಕೆ ಒಂದು ಕಟ್ಟಡದ ಮುಖಗಳೆಲ್ಲ ಬದಲಾಗುತ್ತವೆ, ಇದೇನೂ ವಿಶೇಷವಲ್ಲ. ಮೊದಲ ಶುಕ್ರವಾರ ಸಂಜೆ ಊಟಕ್ಕೆ ಮುಂಚೆ ಮುಖ್ಯಸ್ಥೆ ನನ್ನ ಬಳಿ ಬಂದು, ಸಿಪೋರಾ ಆಂಟಿಯ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಬೇಕು, ಇಲ್ಲಿರುವವರಲ್ಲಿ ಅವರನ್ನು ಬಲ್ಲವರು ನೀವೊಬ್ಬರೇ ಎಂದಳು.

ಊಟದ ಹಾಲ್ ತುಂಬ ಆಂಟಿಯ ಧರ್ಮದವರು. ಅವರ ಬಗ್ಗೆ ಹೇಳಲು ಎದ್ದು ನಿಂತವಳು ಶಿರ್ವದ ಕ್ಯಾಥೊಲಿಕ್ ನರ್ಸ್. ನನ್ನ ಇಂಗ್ಲಿಷ್ ಆಸ್ಪತ್ರೆಯ ಇಂಗ್ಲಿಷ್. ರೋಗಿಯ ಬಗ್ಗೆ ಡಾಕ್ಟರಿಗೆ ಹೇಳುವ ಹಾಗೆ ಹೇಳಿದೆ. ಎಲ್ಲಿಯವರು, ಇಲ್ಲಿ ಏನು ಮಾಡುತ್ತಿದ್ದರು, ಹೇಗೆ ಬಯ್ಯುತ್ತಿದ್ದರು. ಸಲಾಡು ಆಗಿ ಸೂಪು ಇನ್ನೂ ಬಂದಿರಲಿಲ್ಲ, ಮಕ್ಕಳು ಹಸಿದಿದ್ದರು, ಆದರೂ ಸುಮ್ಮನೆ ಕೇಳಿದರು. ಕುಳಿತುಕೊಳ್ಳಬೇಕು ಎನ್ನುವಾಗ ಮುಂದಿನ ಮೇಜಿನ ಒಬ್ಬಳು ಸಣ್ಣವಳು ಕೈ ಎತ್ತಿದಳು. ಅವರಿಗೆ ಯಾವ ಊಟ ಇಷ್ಟವಾಗಿತ್ತು ಎಂದು ಕೇಳಿದಳು.

ಅವರು ಕೂತು ತನಗಾಗಿ ಏನನ್ನಾದರೂ ಬಡಿಸಿಕೊಂಡದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಸಿಂಕಿನ ಪಕ್ಕ ನಿಂತು, ಕೈಯಲ್ಲಿ ತಟ್ಟೆ ಹಿಡಿದು, ಕಣ್ಣು ಮಾತ್ರ ಊಟದ ಹಾಲಿನ ಮೇಲಿಟ್ಟು ಉಣ್ಣುತ್ತಿದ್ದದ್ದೇ ಕಣ್ಣಿಗೆ ಬಂತು.

"ನೀವು ತಟ್ಟೆ ಖಾಲಿ ಮಾಡುವುದು ಅವರಿಗೆ ಇಷ್ಟ" ಎಂದೆ.

ಆ ಮಗು ತನ್ನ ತಟ್ಟೆಯಲ್ಲಿ ಒಂದು ಬದಿಗೆ ತಳ್ಳಿಟ್ಟಿದ್ದ ಬೀಟ್‌ರೂಟ್ ಸಲಾಡನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ ನೋಡಿತು. ಆಮೇಲೆ ಫೋರ್ಕ್ ಎತ್ತಿಕೊಂಡಿತು.